ವಾಟರ್‌ಮನ್ ಮಚ್ಛೇಂದ್ರನ ಪಿಎಸ್‌ಐ ಟೆಸ್ಟು

ಭಾಲ್ಕಿಯಲ್ಲಿ ಬಸ್ ನಿಲ್ದಾಣದಿಂದ ನಾಲ್ಕು ಹೆಜ್ಜೆಗೆ ನನ್ನ ಔಷಧದ ಅಂಗಡಿ. ಇಪ್ಪತ್ತಾರು ವರ್ಷ ಅಲ್ಲಿ ಕೂತು ನಾನು ಕಂಡುಕೊಂಡದ್ದೇನೆಂದರೆ, ಹೆಂಗಸರು ತಮ್ಮ ಬೇನೆಯನ್ನು ತಮ್ಮದೆಂದೇ ಹೇಳುತ್ತಾರೆ, ಗಂಡಸರು ಮಾತ್ರ ‘ನಮ್ಮ ದೋಸ್ತಗ’ ಎಂದು ಶುರು ಮಾಡುತ್ತಾರೆ. ದೋಸ್ತನಿಗೆ ಕಾಲ್ಮಡಿ, ಅಂದರೆ ಮೂತ್ರ, ಸರಿಯಾಗಿ ಆಗುವುದಿಲ್ಲವಂತೆ, ದೋಸ್ತ ಮಲಗಿದವನು ಐದಾರು ಸಲ ಎದ್ದು ಹೊರಗೆ ಹೋಗುತ್ತಾನಂತೆ. ಹೇಳುತ್ತ ಹೇಳುತ್ತ ಆ ದೋಸ್ತ ನನ್ನೆದುರಿಗೇ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಹಾಕುತ್ತ ನಿಂತಿರುತ್ತಾನೆ. ನನಗೆ ಮೈ ಉರಿಯುತ್ತದೆ. “ದೋಸ್ತನ್ನ ಕರ್ಕೊಂಡು ಬರ್ರಿ, ಇಬ್ಬರೂ ಕೂಡಿ ಡಾಕ್ಟರ ಕಡಿ ಹೋಗ್ರಿ” ಎಂದು ಗದರುತ್ತೇನೆ. ದೋಸ್ತ ಮರುದಿನ ಬೇರೆ ಅಂಗಡಿಗೆ ಹೋಗುತ್ತಾನೆ.

ಹಾಗೆ ಸುತ್ತಿ ಬಳಸದೆ ತನ್ನದನ್ನು ತನ್ನದೆಂದೇ ಹೇಳಿದ ಒಬ್ಬನೇ ಒಬ್ಬ ಗಂಡಸು ಮಚ್ಛೇಂದ್ರ. ಅವನ ಬಗ್ಗೆ ಬರೆಯಬೇಕೆಂದು ಬಹಳ ದಿನದಿಂದ ಇತ್ತು.

ನಾವಿಬ್ಬರೂ ಭಾತಂಬ್ರಾದವರು. ಏಳನೆಯ ಇಯತ್ತೆಯವರೆಗೆ ಒಂದೇ ಶಾಲೆ. ಎಪ್ಪತ್ತೆರಡರ ಬರಗಾಲದಲ್ಲಿ ಅವನು ಶಾಲೆ ಬಿಟ್ಟು ಸರಕಾರಿ ಕಾಮಗಾರಿಯಲ್ಲಿ ಜಲ್ಲಿ ಒಡೆಯಲು ಹೋದ, ನಾನು ಬೆಂಚಿನ ಮೇಲೆ ಕೂತೇ ಇದ್ದೆ. ಅವರ ಮನೆ ನೀಲಿ ಬಣ್ಣದ್ದು, ಒಳಗೆ ಬುದ್ಧನ ಫೋಟೋ. ನಮ್ಮ ಮನೆಯಲ್ಲಿ ಬಸವಣ್ಣನ ಫೋಟೋ. ಮುಂದೆ ಅವನು ಅಣ್ಣ ದತ್ತಾತ್ರಿಯ ಹಿಂದೆ ಪುಣೆಗೆ ಹೋಗಿ ನಾಲ್ಕು ವರ್ಷ ಕಟ್ಟಡದ ಕೆಲಸ ಮಾಡಿದ. ಅಲ್ಲಿ ಕುಡಿಯುವ ನೀರಿಗೆ ಪಾಳಿ ನಿಲ್ಲುವುದು ಸೇರದೆ ವಾಪಸ್ಸು ಬಂದ. ಬಂದವನನ್ನು ಪಂಚಾಯಿತಿಯವರು ವಾಟರ್‌ಮನ್ ಮಾಡಿದರು. ಅಂದಿನಿಂದ ಇಡೀ ಊರು ಅವನೆದುರಿಗೆ ಪಾಳಿ ನಿಲ್ಲುತ್ತದೆ. ಯಾವ ಓಣಿಯ ಪೈಪು ಎಲ್ಲಿ ಹೊರಳುತ್ತದೆ, ಯಾವ ಜೋಡಿನಲ್ಲಿ ಸೋರುತ್ತದೆ ಎನ್ನುವುದು ಅವನ ತಲೆಯಲ್ಲೇ ಇದೆ, ಕಾಗದದಲ್ಲಿ ಎಲ್ಲೂ ಇಲ್ಲ. ಹೆಗಲ ಮೇಲೆ ವಾಲ್ ತಿರುಗಿಸುವ ಉದ್ದನೆಯ ಕಬ್ಬಿಣದ ಚಾವಿ ಇಟ್ಟುಕೊಂಡು ಹೊರಟನೆಂದರೆ ಹಿಂದೆ ಇಪ್ಪತ್ತು ಕೊಡಗಳ ಸದ್ದು ಹೊರಡುತ್ತಿತ್ತು. ಮಾತಿನಲ್ಲಿ ಅವನನ್ನು ಮೀರಿಸುವವರು ಊರಲ್ಲಿ ಯಾರೂ ಇರಲಿಲ್ಲ. ಯಾರನ್ನಾದರೂ ಚೇಷ್ಟೆ ಮಾಡಿ ನಾಲ್ಕು ಮಂದಿಯನ್ನು ನಗಿಸದಿದ್ದರೆ ಅವನಿಗೆ ಊಟ ಸೇರುತ್ತಿರಲಿಲ್ಲ.

೨೦೧೬ರ ಬೇಸಿಗೆ ನೆನಪಿರಬೇಕಲ್ಲ. ಎರಡು ವರ್ಷ ಮಳೆ ಕೈಕೊಟ್ಟು ಕಾರಂಜಾ ಜಲಾಶಯ ಒಣಗಿತ್ತು. ಊರಲ್ಲಿ ಎಂಟು ದಿನಕ್ಕೊಮ್ಮೆ ಓಣಿಗೆ ಮುಕ್ಕಾಲು ತಾಸು ನೀರು. ಮೈಯಲ್ಲಿ ಕಸುವಿದ್ದವರೆಲ್ಲ ಹೈದರಾಬಾದಿಗೂ ಪುಣೆಗೂ ದುಡಿಯಲು ಹೋಗಿದ್ದರು. ಉಳಿದವರು ಹೆಂಗಸರು, ಮಕ್ಕಳು ಮತ್ತು ನಮ್ಮಂಥ ಐವತ್ತು ದಾಟಿದ ಗಂಡಸರು. ಈ ಗಂಡಸರಿಗೆ ಬಂದ ಬೇನೆಗೆಲ್ಲ ಆ ವರ್ಷ ಒಂದೇ ಹೆಸರು, ಉಷ್ಣ. ಕಾಲ್ಮಡಿ ಉರಿದರೆ ಉಷ್ಣ, ನಿಂತರೆ ಉಷ್ಣ, ನಿಲ್ಲದಿದ್ದರೂ ಉಷ್ಣ. ಸಬ್ಜಾ ಬೀಜ ಕುಡಿದು, ನೆತ್ತಿಗೆ ಎಣ್ಣೆ ತಟ್ಟಿಕೊಂಡು ಕೂಡುತ್ತಿದ್ದರು.

ಏಪ್ರಿಲ್‌ನಲ್ಲಿ ಒಂದು ದಿನ ಮಧ್ಯಾಹ್ನ ಮಚ್ಛೇಂದ್ರ ಅಂಗಡಿಗೆ ಬಂದ.

“ಏ ಮಾಲಕ, ಉಷ್ಣ ಇಳಿಯೋ ಗುಳಗಿ ಕೊಡು.”

“ಯಾರಿಗಿ? ದೋಸ್ತಗೇನು?”

“ದೋಸ್ತಗ ಯಾಕ? ನನಗ. ಊರ ವಾಲ್ ತಿರುವಿದ್ರ ನಾಕ್ನೂರು ಮನಿಗಿ ನೀರು ಹೋಗ್ತದ. ನನ್ನ ವಾಲ್ ತಿರುವಿದ್ರ ನಾಕು ಹನಿ. ಅದಕ್ಕೂ ಪಾಳಿ ನಿಂತಂಗ ನಿಂದ್ರಬೇಕು.”

ನಾನು ನಕ್ಕೆ, ಅವನೂ ನಕ್ಕ. ಆದರೆ ಗುಳಿಗೆ ಕೊಟ್ಟ ಮೇಲೂ ಹೋಗಲಿಲ್ಲ. ಗಿರಾಕಿಗಳು ತೆರಳುವವರೆಗೆ ಕಾದು, ಗಾಜಿನ ಮೇಲೆ ಬೆರಳಾಡಿಸುತ್ತ ಹೇಳಿದ.

“ದತ್ತಣ್ಣಗೂ ಮೊದಲ ಹಿಂಗೇ ಇತ್ತು.”

ದತ್ತಾತ್ರಿ ಅವನಿಗಿಂತ ಆರು ವರ್ಷ ದೊಡ್ಡವನು. ಹೆಂಡತಿಯ ಊರು ಔರಾದಿನಲ್ಲಿ ಮನೆ ಮಾಡಿದ್ದ, ದುಡಿಮೆ ಮಾತ್ರ ಪುಣೆಯಲ್ಲಿ. ಮೊದಲು ಕಾಲ್ಮಡಿಯ ತ್ರಾಸು, ಆಮೇಲೆ ಸೊಂಟನೋವು. ‘ಸೊಂಟ ಹಿಡದದ’ ಎನ್ನುತ್ತ ಎರಡು ವರ್ಷ ನೋವಿನ ಗುಳಿಗೆ ನುಂಗಿದ. ದವಾಖಾನೆಗೆ ಒಯ್ದಾಗ ಕ್ಯಾನ್ಸರು ಎಲುಬಿಗೆ ಇಳಿದಿತ್ತು. ಅವನು ಹೋಗಿ ಆಗಲೇ ಏಳು ವರ್ಷ.

“ನಂದೂ ಅದೇ ಇದ್ರ? ಗೊತ್ತಾಗದಿದ್ರ ಇನ್ನೂ ನಾಕು ವರ್ಷ ನಿವಾಂತ ಇರ್ತೇನಿ. ಗೊತ್ತಾದ್ರ ಇವತ್ತಿಂದೇ ಸತ್ತಂಗ” ಎಂದ. ಊರನ್ನು ನಗಿಸುವವನ ಮುಖ ಹಾಗೆ ಬಿಳಿಚಿಕೊಂಡದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ನನಗೆ ತಿಳಿದಷ್ಟು ಹೇಳಿದೆ. ಗಂಡಸರಿಗೆ ಮೂತ್ರಚೀಲದ ಕೆಳಗೆ ಪ್ರೊಸ್ಟೇಟ್ ಎಂದು ಅಖರೋಟಿನಷ್ಟು ದೊಡ್ಡ ಗ್ರಂಥಿ ಇರುತ್ತದೆ. ವಯಸ್ಸಾದಂತೆ ಅದು ತಾನೇ ಊದಿ ದಾರಿ ಒತ್ತುತ್ತದೆ. ಬಹಳ ಮಂದಿಗೆ ಅಷ್ಟೇ, ಕ್ಯಾನ್ಸರಲ್ಲ. ಆದರೆ ಒಡಹುಟ್ಟಿದವನಿಗೆ ಆಗಿದ್ದರೆ ಸುಮ್ಮನೆ ಕೂಡಬಾರದು, ಬೀದರಿಗೆ ಹೋಗಿ ಪಿಎಸ್‌ಎ ಎಂಬ ರಕ್ತದ ಪರೀಕ್ಷೆ ಮಾಡಿಸಬೇಕು. ಅಲ್ಲಿಯ ಮೈಲೂರು ಬಡಾವಣೆಯಲ್ಲಿ ಕುಬರಾ ಎಂಬ ಡಾಕ್ಟರಮ್ಮ ಇದ್ದಾರೆ, ಇದರಲ್ಲೇ ಕಲಿತವರು. ಚೀಟಿ ಬರೆದು ಜೇಬಿಗೆ ತುರುಕಿ, ಬಸ್ಸಿಗೆ ನಾನೇ ಹತ್ತಿಸಿದೆ.

ಇಲ್ಲಿಂದ ಮುಂದಿನದಕ್ಕೆಲ್ಲ ಅವನ ಹೆಂಡತಿ ಶೇವಂತಾಬಾಯಿ ಕಾರಣ. ಆಕೆ ಶಾಲೆಯಲ್ಲಿ ಬಿಸಿಯೂಟ ಮಾಡುವವಳು. ಆಚೀಚೆ ಮನೆಗಳಲ್ಲಿ ಪೊಲೀಸ್ ನೌಕರಿಗೆ ಓದುವ ಹುಡುಗರು, ಹೊತ್ತು ಮೂಡಿದರೆ ಪಿಎಸ್‌ಐ ಪರೀಕ್ಷೆಯದೇ ಮಾತು. ಗಂಡ ‘ಪಿಎಸ್‌ಎ’ ಎಂದು ಪಿಸುಗುಟ್ಟಿದ್ದು ಆಕೆಯ ಕಿವಿಗೆ ಪಿಎಸ್‌ಐ ಎಂದೇ ಬಿತ್ತು. ಮರುದಿನ ನಲ್ಲಿಯ ಹತ್ತಿರ ಯಾರೋ “ಮಚ್ಛೇಂದ್ರಣ್ಣ ನಿನ್ನಿ ಎಲ್ಲಿ ಹೋಗಿದ್ದ?” ಎಂದು ಕೇಳಿದರು.

“ಬೀದರದಾಗ ಪಿಎಸ್‌ಐ ಚೆಕ್ಕಿಂಗ್ ಅದಂತ್ರಿ, ಅದಕ್ಕ ಹೋಗಿದ್ರು. ಸೋಮವಾರ ರಿಪೋರ್ಟ ಬರ್ತದ” ಎಂದಳು ಶೇವಂತಾಬಾಯಿ.

ನಮ್ಮ ಓಣಿಯಲ್ಲಿ ಆಗ ಒಂಬತ್ತು ಮನೆಯವರು ನಲ್ಲಿಯ ಪೈಪಿಗೆ ಕಳ್ಳತನದಿಂದ ಮೋಟಾರು ಹಚ್ಚಿ ನೀರು ಎಳೆಯುತ್ತಿದ್ದರು. ಓಣಿಯ ಕೊನೆಯ ಮನೆ ನನ್ನದು. ನನ್ನ ನಲ್ಲಿಯಲ್ಲಿ ಗಾಳಿ ಬಿಟ್ಟರೆ ಏನೂ ಬರುತ್ತಿರಲಿಲ್ಲ. ಮಚ್ಛೇಂದ್ರ ಬೇಡಿಕೊಂಡ, ಜಗಳವಾಡಿದ, ಯಾರೂ ಕೇಳಲಿಲ್ಲ. ಈಗ ವಾಟರ್‌ಮನ್ ಪಿಎಸ್‌ಐ ಕಡೆ ಹೋಗಿ ಬಂದನೆಂಬ ಸುದ್ದಿ ಹಬ್ಬಿದ್ದೇ ತಡ, ಸಂಜೆಯೊಳಗೆ ಒಂಬತ್ತೂ ಮೋಟಾರುಗಳು ಮಾಯ. ಒಂದು ಜೋಳದ ಕಣಜಕ್ಕೆ ಹೋಯಿತು, ಒಂದು ಹುಲ್ಲಿನ ಬಣವೆಗೆ. ಮುಂದಿನ ಪಾಳಿಯಲ್ಲಿ ನಮ್ಮ ಮನೆಯ ನಲ್ಲಿ ಬುಸ್ಸೆಂದು ಹಾರಿ ನನ್ನ ಹೆಂಡತಿ ಗುರಮ್ಮನ ಸೆರಗೆಲ್ಲ ತೋಯ್ದಿತು. ಆಕೆ ಕೂಗಿಕೊಂಡ ರೀತಿಗೆ ಹಾವು ಬಂತೆಂದು ನಾನು ಕೋಲು ಹಿಡಿದು ಓಡಿದ್ದೆ.

ಆ ಒಂಬತ್ತು ಮಂದಿಗೆ ಹಿರಿಯನೆಂದರೆ ಶಿವರಾಜಪ್ಪ. ಮೂವತ್ತು ಎಕರೆ ಹೊಲ, ಕಾಳಿನ ವ್ಯಾಪಾರ, ಎರಡು ಹಾರ್ಸ್‌ಪವರಿನ ಮೋಟಾರು. ಅರವತ್ತೆರಡರ ಗಟ್ಟಿ ಆಳು, ತಲೆನೋವಿಗೂ ಗುಳಿಗೆ ನುಂಗಿದವನಲ್ಲ. ಅವನು ಒಂದು ಕಿಲೋ ಸಕ್ಕರೆ ಹಿಡಿದುಕೊಂಡು ಮಚ್ಛೇಂದ್ರನ ಅಂಗಳಕ್ಕೆ ಬಂದ. ಅಲ್ಲಿ ನಡೆದದ್ದನ್ನು ಮಚ್ಛೇಂದ್ರ ಆಮೇಲೆ ಇಬ್ಬರ ಪಾರ್ಟನ್ನೂ ತಾನೇ ಮಾಡಿ ನನಗೆ ತೋರಿಸಿದ.

“ಮಚ್ಛೇಂದ್ರ, ಬೀದರಕ್ಕ ಹೋಗಿದ್ದೆಂತಲ್ಲ, ಪಿಎಸ್‌ಐ ಸಲಕ?”

ಹೆಂಡತಿ ತನ್ನ ಬೇನೆಯನ್ನು ಊರಿಗೆಲ್ಲ ಸಾರಿದಳಲ್ಲ ಎಂದು ಮಚ್ಛೇಂದ್ರನಿಗೆ ನಾಚಿಕೆಯಾಯಿತು. “ಹೌದ್ರಿ ಸಾವ್ಕಾರ್ರ. ನಿಮ್ಮ ತನಕ ಬಂತೇನ್ರಿ ಸುದ್ದಿ?”

“ಊರಿಗೇ ಬಂದದ. ಬರೇ ನಿಂದೇ ಏನು, ಮತ್ತೊಬ್ಬರ ಹೆಸರೂ ಅದಾವ?”

“ಸದ್ಯಕ್ಕ ನಂದೊಂದೇ ರಿ. ಖರೆ ಐವತ್ತು ದಾಟಿದ ಗಂಡಸರೆಲ್ಲ ಒಮ್ಮಿ ವಿಚಾರಿಸೋದು ಛಲೋ ಅಂದಾರ್ರಿ.”

ಶಿವರಾಜಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಮೋಟಾರಿನವರು ಒಂಬತ್ತೂ ಜನ ಐವತ್ತು ದಾಟಿದವರೇ. “ಎಲ್ಲಾರೂ?”

“ಹೆದರೂದೇನಿಲ್ರಿ. ತಾವಾಗಿ ಲಗೂ ಹೋದವರದ್ದು ಅಲ್ಲೇ ಮುಗಿತದ. ಮುಚ್ಚಿಟ್ಟು ಕೂತವರದ್ದೇ ಕಷ್ಟ.”

“ಏನಾರ ತಗೋತಾರೇನು?”

“ತಗೋತಾರ್ರಿ. ಒಂದು ಸಣ್ಣ ಬಾಟ್ಲಿ.”

“ಅಷ್ಟೇ?”

“ಅದೂ ಪೂರ್ತಿ ತುಂಬಲ್ರಿ.”

ಇಷ್ಟು ಸಾಧಾರಣ ಆಸೆಯ ಸಾಹೇಬರು ಇರುತ್ತಾರೆಯೇ ಎಂದು ಶಿವರಾಜಪ್ಪನಿಗೆ ಆಶ್ಚರ್ಯವಾಯಿತು. “ಸೋಮವಾರ ನಾನೂ ಬರ್ತೇನಿ” ಎಂದ. ಒಬ್ಬನೇ ಹೋಗಲು ಅಂಜುತ್ತಿದ್ದ ಮಚ್ಛೇಂದ್ರನಿಗೆ ಕಣ್ಣಲ್ಲಿ ನೀರೇ ಬಂತಂತೆ. ದುಡ್ಡಿದ್ದವರಲ್ಲೂ ಮನುಷ್ಯತ್ವ ಇರುತ್ತದೆ ಎಂದು ಹೆಂಡತಿಗೆ ಹೇಳಿದನಂತೆ.

ಸೋಮವಾರ ನಾನೂ ಔಷಧ ತರಲು ಬೀದರಿಗೆ ಹೋಗುವುದಿತ್ತು. ಮೂವರೂ ಒಂದೇ ಬಸ್ಸು. ಶಿವರಾಜಪ್ಪ ಇಸ್ತ್ರಿಯ ಧೋತರ ಉಟ್ಟು, ತಲೆಗೆ ಟೊಪ್ಪಿಗೆ ಇಟ್ಟು, ಮಡಿಲಲ್ಲಿ ಒಂದು ಕೈಚೀಲ ಹಿಡಿದು ಕೂತಿದ್ದ. ಬಸ್ಸು ಗುಂಡಿಗೆ ಇಳಿದಾಗಲೆಲ್ಲ ಆ ಚೀಲವನ್ನು ತಬ್ಬಿಕೊಳ್ಳುತ್ತಿದ್ದ. ಸಾವುಕಾರನಿಗೂ ಕಾಲ್ಮಡಿಯ ತ್ರಾಸು ಇರಬೇಕು, ಸ್ಯಾಂಪಲ್ಲು ಮನೆಯಿಂದಲೇ ತಂದಿದ್ದಾನೆ ಎಂದುಕೊಂಡು ನಾನು ಜರಾ ದೂರ ಸರಿದು ಕೂತೆ.

ಮೈಲೂರಿನ ದವಾಖಾನೆಯಲ್ಲಿ ನರ್ಸ್ ಬಂದು, “ಪಿಎಸ್‌ಎ ಸಲಕ ಬಂದವರು ಯಾರ್ರಿ?” ಎಂದಳು. ಮಚ್ಛೇಂದ್ರ ಏಳುವ ಮೊದಲೇ ಶಿವರಾಜಪ್ಪ ಎದ್ದು ನಿಂತ.

“ನಾವೇ ರಿ. ಸಾಹೇಬ್ರು ಒಳಗ ಅದಾರೇನ್ರಿ?”

“ಸಾಹೇಬ್ರು ಯಾರೂ ಇಲ್ರಿ. ಮೇಡಂ ಅದಾರ.”

ಮೇಡಂ ಎಂದೊಡನೆ ಅವನು ಟೊಪ್ಪಿಗೆ ನೆಟ್ಟಗೆ ಮಾಡಿಕೊಂಡ. ನಮಗಿಂತ ಮುಂದೆ ಒಳಗೆ ಹೋದವನೇ ಚೀಲದಿಂದ ಪೇಪರಿನಲ್ಲಿ ಸುತ್ತಿದ ಬಾಟ್ಲಿ ತೆಗೆದು ಮೇಜಿನ ಮೇಲಿಟ್ಟು, ಎರಡೂ ಕೈ ಮುಗಿದ.

“ತಪ್ಪಾಗ್ಯದ್ರಿ ಮೇಡಂ. ಮೋಟಾರು ತೆಗದೀನಿ. ಇನ್ನೊಮ್ಮಿ ಹಚ್ಚಲ್ಲ.”

ಡಾಕ್ಟರ್ ಕುಬರಾ ಮೂವರ ಮುಖವನ್ನೂ ನೋಡಿದರು. “ಯಾವ ಮೋಟಾರು ಚಾಚಾ? ಎಲ್ಲಿ ಹಚ್ಚಿದ್ದಿರಿ?”

“ಪೈಪಿಗ್ರಿ.”

ಆಕೆ ಗಂಭೀರವಾಗಿ ಚೀಟಿಯಲ್ಲಿ ಏನೋ ಬರೆದುಕೊಳ್ಳಲು ಹೋದರು. ನನಗೆ ಆಗ ಎಲ್ಲ ಹೊಳೆಯಿತು. ನಗು ತಡೆಯಲಾರದೆ ಗೋಡೆ ಹಿಡಿದುಕೊಂಡೆ. ಮಚ್ಛೇಂದ್ರನಿಗೆ ಹೊಳೆದಾಗ ಅವನು ನೆಲಕ್ಕೇ ಕೂತುಬಿಟ್ಟ. ಬಿಡಿಸಿ ಹೇಳಿದಾಗ ಡಾಕ್ಟರಮ್ಮ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. “ಇದು ನಮ್ಮ ಟೆಸ್ಟಿನ ಬಾಟ್ಲಿ ಅಲ್ಲ, ವಾಪಸ್ ಒಯ್ಯಿರಿ” ಎಂದು ಆ ವಿಸ್ಕಿ ಬಾಟ್ಲಿಯನ್ನು ಎರಡು ಬೆರಳಲ್ಲಿ ಹಿಡಿದು ಕೊಟ್ಟರು.

ಶಿವರಾಜಪ್ಪನ ಮುಖ ಕೆಂಪಾಗಿ, ಕಪ್ಪಾಗಿ, ಕೊನೆಗೆ ಯಾವ ಬಣ್ಣವೂ ಇಲ್ಲದಂತಾಯಿತು. ಆದರೆ ಸೋಲೊಪ್ಪುವ ಜಾತಿಯವನಲ್ಲ. “ನನಗೆಲ್ಲಾ ಗೊತ್ತಿತ್ತು. ಸುಮ್ಮಾ ಮಜಾಕ ಮಾಡ್ದೆ. ನಾ ಬಂದಿದ್ದೇ ಟೆಸ್ಟಿಗಿ” ಎಂದು ಅಂಗಿಯ ತೋಳು ಮೇಲೇರಿಸಿದ.

ಡಾಕ್ಟರಮ್ಮ ಅವನನ್ನು ಕೂರಿಸಿ ಸಾವಕಾಶ ಹೇಳಿದರು. “ನೋಡ್ರಿ, ಇದರಾಗ ನಂಬರ ಹೆಚ್ಚು ಬಂದ್ರ ಕ್ಯಾನ್ಸರೇ ಅಂತಲ್ಲ. ಗ್ರಂಥಿ ಊದಿದ್ರೂ, ಸೋಂಕಾದ್ರೂ ಹೆಚ್ಚಾಗ್ತದ. ಮುಂದ ಮತ್ತ ಬ್ಯಾರೆ ಟೆಸ್ಟ್ ಮಾಡಬೇಕಾಗ್ತದ. ತಿಳದು ಹೂಂ ಅನ್ರಿ. ಬ್ಯಾಡ ಅಂದ್ರೂ ನಡೀತದ.” ಅವನು “ಹೂಂ” ಎಂದ. ಆ ಹೂಂ ತಿಳಿದು ಅಂದದ್ದೋ ನಾಚಿಕೆಗೆ ಅಂದದ್ದೋ ನನಗೆ ಇಂದಿಗೂ ಗೊತ್ತಿಲ್ಲ.

ಆಕೆ ನನ್ನ ಕಡೆ ತಿರುಗಿದರು. “ನಿಮ್ಮ ವಯಸ್ಸೆಷ್ಟ್ರಿ?”

“ನಲವತ್ತೆಂಟು” ಎಂದುಬಿಟ್ಟೆ. ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತ ಮಚ್ಛೇಂದ್ರ ಆಗಷ್ಟೇ ಐವತ್ತೆಂಟು ಬರೆಸಿದ್ದ. ಅವನು ನನ್ನನ್ನು ಒಂದು ನೋಟ ನೋಡಿದ. ಅಷ್ಟು ವರ್ಷ ಊರ ಗಂಡಸರಿಗೆ ಬುದ್ಧಿ ಹೇಳಿದವನು ನಾನು! ಭೂಮಿ ಬಾಯಿಬಿಡಬಾರದೇ ಅನಿಸಿತು. “ತಪ್ಪಾತ್ರಿ, ಐವತ್ತೆಂಟು” ಎಂದು ನಾನೂ ತೋಳೇರಿಸಿದೆ.

ಮಚ್ಛೇಂದ್ರನ ರಿಪೋರ್ಟಿನಲ್ಲಿ ನಂಬರು ವಯಸ್ಸಿಗೆ ತಕ್ಕಷ್ಟೇ ಇತ್ತು. ಆದರೂ ಅಣ್ಣನ ಕತೆ ಕೇಳಿ ಡಾಕ್ಟರಮ್ಮ ಬೆರಳು ಹಾಕಿ ಪರೀಕ್ಷೆ ಮಾಡಬೇಕೆಂದರು. ಎಲ್ಲಿ ಹಾಕಿ ಎಂದು ತಿಳಿದಾಗ ಅವನು ಬಾಗಿಲ ತನಕ ಬಂದುಬಿಟ್ಟ.

“ತಂಗಿ, ನೀ ಹೆಣ್ಮಗಳು, ನಾ ನಿಮ್ಮಪ್ಪನ ವಯಸ್ಸಿನವ...”

“ಚಾಚಾ, ನೀವು ಊರಿನ ನೀರು ಬಿಡ್ತೀರಿ. ನಾನು ನಿಮ್ಮದು ಬಿಡಸ್ತೇನಿ. ಇಬ್ಬರದ್ದೂ ಒಂದೇ ನೌಕರಿ. ಎರಡು ಮಿನಿಟ್ ಬರ್ರಿ.”

ಎರಡು ಮಿನಿಟಿನ ನಂತರ ಹೊರಗೆ ಬಂದ ಮಚ್ಛೇಂದ್ರ ಬೆಂಚಿನ ಮೇಲೆ ಕೂತು ಗಳಗಳ ಅತ್ತ. ನಾವು ಗಾಬರಿಯಾದೆವು. “ಏನಿಲ್ಲಂತ. ಬರೇ ಊದ್ಯದಂತ. ಗುಳಗಿಗಿ ಇಳಿತದಂತ” ಎಂದ. ಅಷ್ಟು ಸಂತೋಷದ ಅಳುವನ್ನು ನಾನು ಮದುವೆ ಮನೆಯಲ್ಲೂ ನೋಡಿಲ್ಲ. ಬಸ್ಸಿನಲ್ಲಿ ಇಡೀ ದಾರಿ ಶಿವರಾಜಪ್ಪನ ಬಾಟ್ಲಿಯ ಬಗ್ಗೆ ಹೇಳಿ ಹೇಳಿ ಗುರುತಿಲ್ಲದವರನ್ನೆಲ್ಲ ನಗಿಸಿದ.

ನಾಲ್ಕು ದಿನಕ್ಕೆ ನಮ್ಮಿಬ್ಬರ ರಿಪೋರ್ಟು ನನ್ನ ಫೋನಿಗೆ ಬಂತು. ನನ್ನದು ಸರಿ. ಶಿವರಾಜಪ್ಪನದು ಬಹಳ ಮೇಲೆ. ಎರಡು ವಾರ ಬಿಟ್ಟು ಮತ್ತೊಮ್ಮೆ ಮಾಡಿಸಿದರು, ಮತ್ತೂ ಮೇಲೆ. ಬೆರಳು ಹಾಕಿ ನೋಡಿದಾಗ ಗ್ರಂಥಿಯಲ್ಲಿ ಒಂದು ಕಡೆ ಗಟ್ಟಿ ಹತ್ತುತ್ತದೆ, ಹೈದರಾಬಾದಿಗೆ ಹೋಗಿ ಅದರ ಚೂರು ತೆಗೆಸಿ ನೋಡಲೇಬೇಕು, ಈಗಲೇ ಹೋದರೆ ಗುಣವಾಗುವ ಆಸೆ ಬಹಳ ಎಂದು ಡಾಕ್ಟರಮ್ಮ ಹೇಳಿ ಕಳಿಸಿದರು.

ಅವನು ಕೇಳಲಿಲ್ಲ. “ತ್ರಾಸು ಇದ್ದವಗ ಏನೂ ಇಲ್ಲಂತ, ಏನೂ ತ್ರಾಸಿಲ್ಲದ ನನಗ ಅದಂತ! ಮಿಶಿನ್ ಕೆಟ್ಟದ” ಎಂದ. ಶುರುವಿನಲ್ಲಿ ಈ ರೋಗ ಗುಲ್ಲು ಮಾಡುವುದಿಲ್ಲ, ಅದಕ್ಕೇ ಹುಡುಕಿ ನೋಡುವುದು ಎಂದು ನಾನು ಮೂರು ಸಲ ಹೇಳಿದೆ. “ಇದು ಹೊರಗ ಬಂದ್ರ ನಿನ್ನ ಅಂಗಡಿ ಇರಲ್ಲ ನೋಡು” ಎಂದು ನನಗೇ ಧಮಕಿ ಹಾಕಿದ. ಹೆಂಡತಿ ವಿಮಲಾಬಾಯಿಗೂ ಹೇಳಿರಲಿಲ್ಲ. ಪಿಎಸ್‌ಐ ಇಲ್ಲವೆಂದು ಗೊತ್ತಾಗಿತ್ತಲ್ಲ, ಮೋಟಾರು ಕಣಜದಿಂದ ಎದ್ದು ಬಂದು ಮತ್ತೆ ಪೈಪಿಗೆ ಹತ್ತಿತು.

ಒಂದು ತಿಂಗಳು ಹೋಯಿತು. ರಿಪೋರ್ಟು ಬಂದಾಗ ನನ್ನ ಪಕ್ಕದಲ್ಲೇ ಇದ್ದ ಮಚ್ಛೇಂದ್ರ ದಿನಾ ಮುಂಜಾನೆ ಅವನ ಬಾಗಿಲಿಗೆ ಹೋಗಿ “ಯಾವಾಗ ಹೊಂಟ್ರಿ ಸಾವ್ಕಾರ್ರ?” ಎನ್ನುತ್ತಿದ್ದ, ಬೈಸಿಕೊಂಡು ಬರುತ್ತಿದ್ದ. ನನಗೆ ತಡೆಯಲಾಗಲಿಲ್ಲ. “ನೀರು ಕದಿಯೋ ಮನುಷ್ಯಾ ಅವ. ಹೋದ್ರ ಹೋಗ್ತಾನ, ಬಿಟ್ರ ಬಿಡ್ತಾನ. ನಿನಗ್ಯಾಕ ಬೇಕು?” ಎಂದೆ.

“ದತ್ತಣ್ಣ ಪುಣೆಯಿಂದ ಬಂದಾಗ ಗ್ವಾಡಿ ಮುಂದ ನಿಂತು ನಿಂತು ಬ್ಯಾಸತ್ತು ಬರ್ತಿದ್ದ. ನಾ ಎಲ್ಲರ ಮುಂದ ಕೇಳತಿದ್ದೆ, ‘ಏನಣ್ಣಾ, ಬೋರ್ ಹಾಕ್ಲತ್ತೀಯೇನು, ಎಷ್ಟು ಫೂಟಿಗಿ ನೀರು ಬಿತ್ತು’ ಅಂತ. ಮಂದಿ ಬಿದ್ದು ಬಿದ್ದು ನಗ್ತಿದ್ರು. ಅವನೂ ನಗ್ತಿದ್ದ ನೋಡು ಮಾಲಕ.” ಅಷ್ಟು ಹೇಳಿ ಚಾವಿ ಹೆಗಲಿಗೇರಿಸಿಕೊಂಡು ಹೋದ.

ಮರುವಾರ ನಮ್ಮ ಓಣಿಯ ಪಾಳಿ. ಬೆಳಗಿನ ಏಳಕ್ಕೆ ನಲವತ್ತು ಹೆಂಗಸರು ಕೊಡ ಹಿಡಿದು ವಾಲಿನ ಗುಂಡಿಯ ಸುತ್ತ ನಿಂತಿದ್ದರು. ಮಚ್ಛೇಂದ್ರ ಬಂದ, ಗುಂಡಿಯ ಕಟ್ಟೆಯ ಮೇಲೆ ಕೂತ, ಚಾವಿಯನ್ನು ತೊಡೆಯ ಮೇಲಿಟ್ಟುಕೊಂಡ.

“ಇವತ್ತು ವಾಲ್ ತಿರುಗಲ್ರಿ ಅವ್ವಾರ.”

“ಕೆಟ್ಟದೇನು?”

“ಕೆಟ್ಟಿಲ್ಲ. ಶಿವರಾಜಪ್ಪ ಸಾವ್ಕಾರ್ರು ಹೈದರಾಬಾದಕ್ಕ ಹೋಗ್ತೇನಿ ಅಂದ್ರ ತಿರುಗ್ತದ.”

ಒಂದೇ ಗದ್ದಲ. ನನ್ನ ಗುರಮ್ಮನೇ ಎಲ್ಲರಿಗಿಂತ ಜೋರು. ಶಿವರಾಜಪ್ಪ ಸುದ್ದಿ ಕೇಳಿ ಧಾವಿಸಿ ಬಂದ. “ಪಂಚಾಯಿತಿಗೆ ಹೇಳಿ ನಾಳಿಗೇ ನಿನ್ನ ನೌಕರಿ ತೆಗಸ್ತೇನಿ!” ಎಂದು ಕೂಗಿದ.

“ತೆಗಸ್ರಿ. ನಾಳಿ ತನಕ ಚಾವಿ ನಂದೇ.”

ಗುಂಪಿನೊಳಗಿಂದ ವಿಮಲಾಬಾಯಿ ಕೊಡ ಕೆಳಗಿಟ್ಟು ಮುಂದೆ ಬಂದಳು. “ಹೈದರಾಬಾದದಾಗ ಏನದ? ಯಾಕ ಹೋಗಬೇಕು ಇವರು?”

ಮಚ್ಛೇಂದ್ರ ಹೇಳಿಬಿಡುತ್ತಾನೆ ಎಂದುಕೊಂಡೆ. ಹೇಳಲಿಲ್ಲ. “ಅದು ಅವರ ಮಾತು ತಾಯಿ. ಅವರೇ ಹೇಳಬೇಕು” ಎಂದು ತಲೆ ತಗ್ಗಿಸಿದ.

ವಿಮಲಾಬಾಯಿ ಗಂಡನ ಮುಖವನ್ನೇ ನೋಡುತ್ತ ನಿಂತಳು. ನಲವತ್ತು ಹೆಂಗಸರೂ ನೋಡಿದರು. ಕಟ್ಟೆಯ ಮೇಲೆ ಹಲ್ಲು ತಿಕ್ಕುತ್ತಿದ್ದ ಗಂಡಸರೂ ನೋಡಿದರು. ಶಿವರಾಜಪ್ಪ ಹೆಂಡತಿಗೆ ಮಾತ್ರ ಕೇಳಿಸುವಂತೆ ಹೇಳಲು ಹೋಗಿ, ಸಿಟ್ಟಿಗೋ ದುಃಖಕ್ಕೋ ದನಿ ಏರಿ, ಎಲ್ಲರಿಗೂ ಕೇಳಿಸುವಂತೆಯೇ ಹೇಳಿದ. “ಕ್ಯಾನ್ಸರ್ ಅದೇನೋ ಅಂತ ಸಂಶಯ ಹೇಳ್ಯಾರ ವಿಮಲಾ. ಕೆಳಗ. ಕಾಲ್ಮಡಿ ಜಾಗಾದಾಗ.”

ಯಾರೂ ನಗಲಿಲ್ಲ. ಎಪ್ಪತ್ತೈದರ ಬಿಸ್ಮಿಲ್ಲಾಬೀ ಮುಂದೆ ಬಂದಳು.

“ಇಷ್ಟಕ್ಕ ಇಷ್ಟು ಶರಮ ಏನಪ್ಪಾ? ನನ್ನ ಗರ್ಭಚೀಲ ತೆಗದಾಗ ಇದೇ ನಲ್ಲಿ ಮುಂದ ನಿಂತು ಎಲ್ಲರಿಗೂ ಹೇಳಿದ್ದೆ. ಬೀಮಾರಿಗಿ ಜಾಗಾ ಯಾವುದಾದ್ರೇನು? ಹೋಗು, ದವಾಖಾನಿಗಿ ಹೋಗು. ನಮ್ಮ ಕೊಡ ತುಂಬಲಿ.”

ವಿಮಲಾಬಾಯಿ ಗಂಡನ ರಟ್ಟೆ ಹಿಡಿದಳು. “ದಿನಾ ಮಗ್ಗಲದಾಗ ಮಲಗಿ ನನಗ ಹೇಳಲಿಲ್ಲ ನೋಡ್ರಿ” ಎಂದು ಅಷ್ಟೇ ಅಂದಳು. “ನಾಳಿ ಹೋಗ್ತೇನಿ” ಎಂದ ಶಿವರಾಜಪ್ಪ. “ಇವತ್ತೇ” ಎಂದಳು ಆಕೆ. ಮಚ್ಛೇಂದ್ರ ಎದ್ದು ವಾಲ್ ತಿರುಗಿಸಿದ. ಆ ದಿನ ನಮ್ಮ ಓಣಿಗೆ ಮುಕ್ಕಾಲು ತಾಸಿನ ಜಾಗದಲ್ಲಿ ಪೂರಾ ಒಂದು ತಾಸು ನೀರು ಬಿಟ್ಟ.

ಹೈದರಾಬಾದಿನಲ್ಲಿ ನೋಡಿದಾಗ ಕ್ಯಾನ್ಸರೇ ಇತ್ತು, ಆದರೆ ಗ್ರಂಥಿ ಬಿಟ್ಟು ಹೊರಗೆ ಕಾಲಿಟ್ಟಿರಲಿಲ್ಲ. ಆಪರೇಷನ್ ಆಯಿತು. ಎರಡು ತಿಂಗಳಿಗೆ ಶಿವರಾಜಪ್ಪ ಸ್ವಲ್ಪ ಇಳಿದು, ಆದರೆ ನೆಟ್ಟಗೆ ನಡೆದುಕೊಂಡು ಊರಿಗೆ ಬಂದ. ಈಗ ಅವನ ಬಾಯಿ ಕಟ್ಟುವುದೇ ಕಷ್ಟ. ಹೋಟೆಲಿನಲ್ಲಿ ಕೂತು ಚಹಾ ಕುಡಿಯುವವರ ವಯಸ್ಸು ಕೇಳುತ್ತಾನೆ. ಐವತ್ತೆಂದರೆ “ಪಿಎಸ್‌ಐ ಕಡಿ ಹೋಗಿ ಬಂದ್ಯೋ ಇಲ್ಲೋ?” ಎನ್ನುತ್ತಾನೆ. ನಮ್ಮ ಕಡೆ ಆ ಹೆಸರೇ ಉಳಿದುಬಿಟ್ಟಿದೆ. ಪ್ರೊಸ್ಟೇಟ್ ಎಂದು ಬಾಯಿಬಿಡಲು ನಾಚುವವರು ‘ಪಿಎಸ್‌ಐ ಟೆಸ್ಟ್’ ಎಂದು ಧೈರ್ಯವಾಗಿ ಕೇಳುತ್ತಾರೆ. ನನ್ನ ಅಂಗಡಿಗೆ ದೋಸ್ತರು ಬರುವುದು ಕಡಿಮೆಯಾಗಿದೆ.

ಆ ವರ್ಷ ಮಳೆಯೂ ಆಯಿತು. ಅಕ್ಟೋಬರಿನಲ್ಲಿ ಮಚ್ಛೇಂದ್ರ, “ಔರಾದಕ್ಕ ಹೋಗಬೇಕು, ಗಾಡಿ ತಗೀ” ಎಂದ. ದತ್ತಾತ್ರಿಯ ಮಗ ಕಾಶೀರಾಮ ಪುಣೆಯಿಂದ ಧಮ್ಮಚಕ್ರ ದಿನಕ್ಕೆ ಮನೆಗೆ ಬಂದಿದ್ದ. ಅವನಿಗೆ ನಲವತ್ಮೂರು. ಅಪ್ಪನಿಗೆ ಆದದ್ದರಿಂದ ಇವನು ಐವತ್ತರ ತನಕ ಕಾಯಬಾರದು, ಈಗಿನಿಂದಲೇ ವಿಚಾರಿಸುವುದು ಒಳ್ಳೆಯದು ಎಂದು ಡಾಕ್ಟರ್ ಕುಬರಾ ಹೇಳಿದ್ದರು.

ನಾವು ಮುಟ್ಟಿದಾಗ ಕಾಶೀರಾಮ ಸ್ನಾನಕ್ಕೆ ಹೋಗಿದ್ದ. ಅತ್ತಿಗೆ ಶಾಲುಬಾಯಿ ನಮಗೆ ಚಹಾ ಕೊಟ್ಟಳು. ಮಚ್ಛೇಂದ್ರ ಊರಿನ ಕತೆಯನ್ನೆಲ್ಲ ಹೇಳಿ ಆಕೆಯನ್ನು ಚೆನ್ನಾಗಿ ನಗಿಸಿದ. ಆಮೇಲೆ, “ವೈನಿ, ದತ್ತಣ್ಣಗ ಇದೇ ಆಗಿತ್ತು. ನಮಗ ಯಾರಿಗೂ ಮೊದಲ ತಿಳೀಲಿಲ್ಲ” ಎಂದ.

ಶಾಲುಬಾಯಿ ಚಹಾದ ಕಪ್ಪು-ಬಸಿಗಳನ್ನು ಒಂದರ ಮೇಲೊಂದು ಇಟ್ಟಳು. “ಅವರಿಗಿ ತಿಳದಿತ್ತು. ಪುಣೆದಾಗ ಒಬ್ಬ ಡಾಕ್ಟರು ಮೊದಲೇ ಹೇಳಿದ್ದ. ನಾ ಅಂದೆ, ಮಚ್ಛೇಂದ್ರಗ ಹೇಳ್ರಿ, ತಮ್ಮ ಸಂಗಟ ಬರ್ತಾನ ಅಂತ. ಬ್ಯಾಡ ಅಂದ್ರು.”

“ಯಾಕ?”

“‘ಅವ ನಗ್ತಾನ’ ಅಂದ್ರು.”

ಆಕೆ ಅದನ್ನು ಸಿಟ್ಟಿನಿಂದ ಹೇಳಲಿಲ್ಲ, ಕೇಳಿದ್ದಕ್ಕೆ ಹೇಳಿದಳು. ಬಸಿ ಎತ್ತಿಕೊಂಡು ಒಳಗೆ ಹೋದಳು. ನಾನು ಮಚ್ಛೇಂದ್ರನ ಕಡೆ ನೋಡಲಾರದೆ ಅಂಗಳ ನೋಡುತ್ತ ಕೂತೆ. ನನ್ನ ಗೆಳೆಯನ ಪಕ್ಕದಲ್ಲಿ ಕೂತು ಅಷ್ಟು ಸಂಕಟ ನನಗೆ ಎಂದೂ ಆಗಿರಲಿಲ್ಲ.

ಕಾಶೀರಾಮ ತಲೆ ಒರೆಸಿಕೊಳ್ಳುತ್ತ ಹೊರಗೆ ಬಂದ. ಕಾಕಾನನ್ನು ಕಂಡು ಏನು ಚೇಷ್ಟೆ ಬರುತ್ತದೋ ಎಂದು ಮೊದಲೇ ಹಲ್ಲು ಬಿಟ್ಟು ನಿಂತ. ಮಚ್ಛೇಂದ್ರ ಅವನ ಕೈಯಿಂದ ಟವೆಲ್ ತೆಗೆದುಕೊಂಡು, ಚಿಕ್ಕ ಮಕ್ಕಳಿಗೆ ಮಾಡುವಂತೆ ಅವನ ಬೆನ್ನು ಒರೆಸಿದ.

“ಅಂಗಿ ಹಾಕ್ಕೋ, ಬೀದರಕ್ಕ ಹೋಗೂನು. ದಾರ್ಯಾಗ ನಿನಗ ಏನೇನು ಆಗ್ಲತ್ತದ ಎಲ್ಲಾ ನನಗ ಹೇಳು. ನಾ ನಗಲ್ಲ ಮಗಾ.”